ಗುಜರಿಯ ಬಾಯಿಂದ ತಪ್ಪಿಸಿಕೊಂಡ ಬೈಕುಗಳು

ವಿಶ್ವ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ ಬೈಕನ್ನು ವರ್ಷ ಕಳೆದ ಮೇಲೆ ಏನು ಮಾಡುತ್ತಾರೆ? ತೊಳೆದು, ಒರೆಸಿ, ಕಾರ್ಖಾನೆಯ ಮುಂಬಾಗಿಲಲ್ಲಿ ಗಾಜಿನ ಕಪಾಟಿನೊಳಗೆ ನಿಲ್ಲಿಸುತ್ತಾರೆ ಎಂದು ಯಾರಾದರೂ ಊಹಿಸಿಯಾರು. 1970 ಮತ್ತು 80ರ ದಶಕದ ಮೋಟೊಕ್ರಾಸ್ ಜಗತ್ತಿನಲ್ಲಿ ನಡೆಯುತ್ತಿದ್ದುದೇ ಬೇರೆ. ಪಂದ್ಯಗಳ ಋತು ಮುಗಿಯುತ್ತಿದ್ದಂತೆ ಬೈಕುಗಳನ್ನು ಗರಗಸದಿಂದ ಕತ್ತರಿಸುತ್ತಿದ್ದರು, ಇಲ್ಲವೇ ಯಂತ್ರಕ್ಕೆ ಕೊಟ್ಟು ಜಜ್ಜಿಸುತ್ತಿದ್ದರು. ನಿನ್ನೆ ಹತ್ತಾರು ಸಾವಿರ ಜನ ಕೇಕೆ ಹಾಕಿ ನೋಡಿದ್ದ ಯಂತ್ರ ಇಂದು ಗುಜರಿ!

ಈ ವಿಚಿತ್ರ ಪದ್ಧತಿಯಿಂದಾಗಿಯೇ, ಹೇಗೋ ತಪ್ಪಿಸಿಕೊಂಡು ಉಳಿದ ಕೆಲವೇ ಬೈಕುಗಳನ್ನು ಇಂದು ಅಮೆರಿಕ, ಯೂರೋಪ್ ಮತ್ತು ಜಪಾನಿನ ಸಂಗ್ರಾಹಕರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದಾರೆ. ಅವರ ಪರಿಭಾಷೆಯಲ್ಲಿ ಇವುಗಳಿಗೆ 'ವರ್ಕ್ಸ್ ಬೈಕ್' ಎಂದು ಹೆಸರು. ಇಂಗ್ಲಿಷರಲ್ಲಿ 'ವರ್ಕ್ಸ್' ಎಂದರೆ ಕಾರ್ಖಾನೆ. ಅಂಗಡಿಯಲ್ಲಿ ಮಾರಲೆಂದಲ್ಲ, ತನ್ನದೇ ತಂಡದ ಸವಾರ ಗೆಲ್ಲಲೆಂದು ಕಾರ್ಖಾನೆಯು ಕೈಯಲ್ಲಿ ಕಟ್ಟಿದ ಬೈಕು ಎಂಬುದು ಇದರ ಅರ್ಥ.

ಮಣ್ಣಿನ ಓಟ

ಮೋಟೊಕ್ರಾಸ್ ಎಂಬುದು ಡಾಂಬರು ಕಾಣದ ಓಟ. ಗುಡ್ಡ, ಹಳ್ಳ, ಕೆಸರು, ಮರಳು ಯಾವುದೂ ವರ್ಜ್ಯವಲ್ಲ. ಬೈಕು ನೆಲದ ಮೇಲೆ ಓಡುವಷ್ಟೇ ಹೊತ್ತು ಗಾಳಿಯಲ್ಲೂ ಇರುತ್ತದೆಯೇನೋ ಎನಿಸುವ ಆಟ ಇದು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1924ರ ಮಾರ್ಚ್‌ನಲ್ಲಿ, ಸರ್ರೆ ಪ್ರಾಂತದ ಕ್ಯಾಂಬರ್ಲಿ ಎಂಬಲ್ಲಿ. ಆಗಿನ ಹೆಸರು 'ಸ್ಕ್ರ್ಯಾಂಬಲ್'. ಮೋಟೊಕ್ರಾಸ್ ಎಂಬ ಹೆಸರು ಫ್ರೆಂಚರ ಕೊಡುಗೆ. 1952ರಲ್ಲಿ 500 ಸಿಸಿ ಬೈಕುಗಳಿಗೆ ಯೂರೋಪಿಯನ್ ಚಾಂಪಿಯನ್‌ಷಿಪ್ ಶುರುವಾಯಿತು. 1957ರಲ್ಲಿ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಮಾನ್ಯತೆ ದೊರೆಯಿತು. 250 ಸಿಸಿ ವಿಭಾಗಕ್ಕೆ ಆ ಭಾಗ್ಯ ಬಂದದ್ದು 1962ರಲ್ಲಿ.

ಆರಂಭದ ದಿನಗಳಲ್ಲಿ ಕಾರ್ಖಾನೆಯ ಬೈಕಿಗೂ ಗಿರಾಕಿಯ ಬೈಕಿಗೂ ಅಜಗಜಾಂತರವೇನೂ ಇರಲಿಲ್ಲ. ಸ್ವೀಡನ್ನಿನ ಹಸ್ಕ್‌ವರ್ನಾ ಬೈಕಿನಲ್ಲಿ ಟಾರ್ಸ್ಟೆನ್ ಹಾಲ್ಮನ್ ನಾಲ್ಕು ಬಾರಿ 250 ಸಿಸಿ ವಿಶ್ವ ಚಾಂಪಿಯನ್ ಆದರು. ಚೆಕೊಸ್ಲೊವಾಕಿಯದ ಸಿಜೆಡ್ ಬೈಕಿನಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಮೊದಲ ಪಟ್ಟ ಗೆದ್ದರು. ಇವೆರಡೂ ಕಂಪನಿಗಳು ಗೆದ್ದ ಬೈಕಿನಂಥದೇ ಬೈಕನ್ನು ಮಾರಾಟಕ್ಕೂ ಇಡುತ್ತಿದ್ದವು. ಅಂದಹಾಗೆ ಈ ಸಿಜೆಡ್ ನಮಗೆ ತೀರಾ ಅಪರಿಚಿತವಲ್ಲ. ಅದು ಜಾವಾದ ಸೋದರ ಸಂಸ್ಥೆ. ಅದೇ ಜಾವಾದ ಪರವಾನಗಿ ಪಡೆದು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಸತೊಡಗಿತು. 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ಜತನದಿಂದ ಕಾಪಾಡಿಕೊಂಡವರು ಮೈಸೂರು, ಬೆಂಗಳೂರುಗಳಲ್ಲಿ ಇಂದಿಗೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಮೈಸೂರಿನ ಜಾವಾ ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದದ್ದು. ಬಿಡಿಭಾಗ ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಸಿಕ್ಕೀತು. ವರ್ಕ್ಸ್ ಬೈಕಿನ ಕಥೆ ಹಾಗಲ್ಲ. ಒಂದು ಮಾದರಿಯಲ್ಲಿ ಕಟ್ಟುತ್ತಿದ್ದುದೇ ಬೆರಳೆಣಿಕೆಯಷ್ಟು.

ಜಪಾನೀಯರು ಬಂದ ಮೇಲೆ

ನಿಜವಾದ ಬದಲಾವಣೆ ತಂದವರು ಜಪಾನೀಯರು. 1965ರಲ್ಲಿ ಯೂರೋಪಿನ ಕಣಕ್ಕಿಳಿದ ಸುಜುಕಿ ಮೊದಮೊದಲು ಪೆಟ್ಟು ತಿಂದಿತು. ಆಮೇಲೆ ಯೂರೋಪಿನ ಸವಾರರನ್ನೇ ಸೇರಿಸಿಕೊಂಡಿತು. ಜೋಯೆಲ್ ರಾಬರ್ಟ್ ಸಿಜೆಡ್ ಬಿಟ್ಟು ಸುಜುಕಿ ಹತ್ತಿ 1970, 71, 72 ಹೀಗೆ ಸತತ ಮೂರು ವರ್ಷ 250 ಸಿಸಿ ಪಟ್ಟ ಗೆದ್ದುಕೊಟ್ಟರು. ಮೋಟೊಕ್ರಾಸ್‌ನಲ್ಲಿ ಜಪಾನೀ ಬೈಕಿಗೆ ವಿಶ್ವ ಪಟ್ಟ ಬಂದದ್ದು ಅದೇ ಮೊದಲು. 500 ಸಿಸಿಯಲ್ಲಿ ಅದೇ ಬೆಲ್ಜಿಯಂನ ರೋಜರ್ ಡಿಕೋಸ್ಟರ್ 1971ರಿಂದ 76ರ ನಡುವೆ ಐದು ಬಾರಿ ಚಾಂಪಿಯನ್ ಆದರು.

ಸುಜುಕಿಯ ಗುಟ್ಟು ತೂಕದಲ್ಲಿತ್ತು. ಸಾಮಾನ್ಯ ಬೈಕಿನಲ್ಲಿ ಉಕ್ಕು ಇರುವಲ್ಲಿ ಟೈಟೇನಿಯಂ, ಅಲ್ಯೂಮಿನಿಯಂ ಇರುವಲ್ಲಿ ಮೆಗ್ನೀಸಿಯಂ ಬಳಸಿದರು. ಬೋಲ್ಟು, ನಟ್ಟುಗಳನ್ನೂ ಬಿಡಲಿಲ್ಲ. ಪೆಟ್ರೋಲ್ ಟ್ಯಾಂಕನ್ನು ತೆಳು ಅಲ್ಯೂಮಿನಿಯಂ ತಗಡಿನಿಂದ ಮಾಡಿದರು. ಖರ್ಚಿನ ಮಾತೇ ಇಲ್ಲ. ಮಾರುವ ಬೈಕಾಗಿದ್ದರೆ ತಾನೇ ಲೆಕ್ಕ ಹಾಕುವುದು? ಇದಕ್ಕೆ ಮುಂಚೆ 1966ರಲ್ಲಿ ಇಂಗ್ಲೆಂಡಿನ ಬಿಎಸ್ಎ ಕಂಪನಿ ತನ್ನ ಚಾಂಪಿಯನ್ ಜೆಫ್ ಸ್ಮಿತ್‌ಗಾಗಿ ಟೈಟೇನಿಯಂ ಚಾಸಿಸ್ ಮಾಡಿಸಿ ಕೈ ಸುಟ್ಟುಕೊಂಡಿತ್ತು. ಟೈಟೇನಿಯಂ ಬಿರುಕು ಬಿಟ್ಟರೆ ಮೈದಾನದಲ್ಲಿ ನಿಂತು ಬೆಸುಗೆ ಹಾಕುವಂಥ ಲೋಹವಲ್ಲ. ಬಿಎಸ್ಎ ಎಡವಿದಲ್ಲಿ ಸುಜುಕಿ ಗೆದ್ದಿತು. ಎಷ್ಟರಮಟ್ಟಿಗೆ ಎಂದರೆ, ಅಂತರರಾಷ್ಟ್ರೀಯ ಒಕ್ಕೂಟ ಎಫ್ಐಎಂ 1973ರಿಂದ ಕನಿಷ್ಠ ತೂಕದ ನಿಯಮವನ್ನೇ ತರಬೇಕಾಯಿತು. 500 ಸಿಸಿ ಬೈಕು 95 ಕಿಲೋಗಿಂತ ಹಗುರ ಇರಕೂಡದು ಎಂದಾಯಿತು. ಗ್ರಾಂ ಗ್ರಾಂ ಲೆಕ್ಕ ಹಾಕಿ ತೂಕ ಇಳಿಸಿದ್ದ ಸುಜುಕಿಗೆ ಈಗ ತೂಕ ಸೇರಿಸುವ ಕೆಲಸ!

ಅದೇ 1973ರಲ್ಲಿ ಇನ್ನೊಂದು ಕ್ರಾಂತಿಯಾಯಿತು. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ಎಂಬವರು ಹಿಂಚಕ್ರದ ಎರಡು ಬದಿಯ ಎರಡು ಷಾಕ್ ಅಬ್ಸಾರ್ಬರ್‌ಗಳನ್ನು ಕಿತ್ತುಹಾಕಿ, ಸೀಟು ಮತ್ತು ಟ್ಯಾಂಕಿನ ಕೆಳಗೆ ಒಂದೇ ಉದ್ದನೆಯ ಷಾಕ್ ಮಲಗಿಸಿದ್ದರು. ಸುಜುಕಿ ಅದನ್ನು ಬೇಡವೆಂದಿತು, ಯಮಾಹಾ ಬಾಚಿಕೊಂಡಿತು. ಸ್ವೀಡನ್ನಿನ ಹಾಕನ್ ಆಂಡರ್ಸನ್ ಆ ಬೈಕಿನಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದರು. ಈಗ ನಮ್ಮ ಊರಿನ ಹುಡುಗರು ಓಡಿಸುವ ಎಷ್ಟೋ ಬೈಕುಗಳಲ್ಲಿ ಕಾಣುವ 'ಮೋನೋಷಾಕ್' ಜನಪ್ರಿಯವಾದದ್ದು ಆ ಗೆಲುವಿನಿಂದಲೇ. ಚಕ್ರ ಮೇಲೆ ಕೆಳಗೆ ಚಲಿಸುವ ಅಂತರ ಎಪ್ಪತ್ತರ ದಶಕದ ಆರಂಭದಲ್ಲಿ ಸುಮಾರು 10 ಸೆಂಟಿಮೀಟರ್ ಇದ್ದದ್ದು ಎಂಬತ್ತರ ಹೊತ್ತಿಗೆ 30ಕ್ಕೆ ಏರಿತು. ಇಷ್ಟು ವೇಗದ ಬದಲಾವಣೆಯಲ್ಲಿ ಹೋದ ವರ್ಷದ ಬೈಕು ಈ ವರ್ಷ ಯಾರಿಗೂ ಬೇಡವಾಗುತ್ತಿತ್ತು.

ಏಕೆ ಜಜ್ಜಿದರು?

ಹಳತಾದ ಮಾತ್ರಕ್ಕೆ ನಾಶ ಮಾಡಬೇಕೇ ಎಂಬ ಪ್ರಶ್ನೆ ಸಹಜ. ಕಾರಣಗಳು ಹಲವು. ಮೊದಲನೆಯದು ಗುಟ್ಟು. ಎಂಜಿನ್ನಿನ ಒಳಗೆ ಏನಿದೆ ಎಂಬುದು ಎದುರಾಳಿ ಕಂಪನಿಯ ಕೈಗೆ ಸಿಗಬಾರದು. ಎರಡನೆಯದು ಅಪಾಯ. ತೂಕ ಇಳಿಸಲು ಎಲ್ಲವನ್ನೂ ತೆಳುವಾಗಿಸಿದ ಬೈಕು ಒಂದು ಋತು ಬಾಳಿದರೆ ಹೆಚ್ಚು. ಅದನ್ನು ಮಾರಿ, ಕೊಂಡವನು ಬಿದ್ದು ಕೈಕಾಲು ಮುರಿದುಕೊಂಡರೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದದ್ದು ಕಂಪನಿ. ಅಮೆರಿಕದಲ್ಲಂತೂ ಇದು ಸಣ್ಣ ಭಯವಲ್ಲ. ಮೂರನೆಯದು ಸುಂಕ. ಪಂದ್ಯಕ್ಕೆಂದು ತಾತ್ಕಾಲಿಕವಾಗಿ ದೇಶದೊಳಗೆ ತಂದ ವಾಹನವನ್ನು ಒಂದೋ ವಾಪಸು ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು. ಇಟ್ಟುಕೊಂಡರೆ ಕಸ್ಟಮ್ಸ್‌ನವರಿಗೆ ಲೆಕ್ಕ ಕೊಡಬೇಕು. ಮುರುಕು ಬೈಕನ್ನು ಜಪಾನಿಗೆ ಸಾಗಿಸುವ ಖರ್ಚಿಗಿಂತ ಇಲ್ಲೇ ಜಜ್ಜುವುದು ಅಗ್ಗ. ಗುಮಾಸ್ತನ ಲೆಕ್ಕದಲ್ಲಿ ಇದೆಲ್ಲ ಸರಿಯೇ. ಇತಿಹಾಸದ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ.

ಹಾಗಾದರೆ ಉಳಿದವು ಹೇಗೆ ಉಳಿದವು? ಹೆಚ್ಚಿನವು ಮೆಕ್ಯಾನಿಕ್‌ಗಳ ಕೃಪೆ. ರಾತ್ರಿ ಹಗಲು ದುಡಿದು ಕಟ್ಟಿದ ಬೈಕನ್ನು ತನ್ನ ಕೈಯಾರೆ ಕತ್ತರಿಸಲು ಯಾವ ಮೆಕ್ಯಾನಿಕ್‌ಗೆ ಮನಸ್ಸು ಬಂದೀತು? ಒಂದು ಎಂಜಿನ್, ಒಂದು ಜೊತೆ ಫೋರ್ಕ್, ಒಂದು ಟ್ಯಾಂಕು ಹೀಗೆ ಬಿಡಿ ಬಿಡಿಯಾಗಿ ಕೆಲವು ಮನೆ ಸೇರಿದವು. ಕೆಲವನ್ನು ಕಂಪನಿಯೇ ಸವಾರನಿಗೆ ಉಡುಗೊರೆಯಾಗಿ ಕೊಟ್ಟಿತು. ಬೆಲ್ಜಿಯಂ, ಹಾಲೆಂಡ್‌ಗಳಲ್ಲಿ ತಂಡಗಳ ವರ್ಕ್‌ಷಾಪ್ ನೋಡಿಕೊಳ್ಳುತ್ತಿದ್ದ ವಿತರಕರ ಗೋದಾಮುಗಳಲ್ಲಿ ಕೆಲವು ದೂಳು ಹಿಡಿದು ಕುಳಿತವು. ಇನ್ನು ಕೆಲವು ಕೆಳಹಂತದ ಸವಾರರ ಕೈಗೆ ದಾಟಿ, ಅಲ್ಲಿ ಮತ್ತೊಂದೆರಡು ವರ್ಷ ಓಡಿ, ಕೊನೆಗೆ ಯಾವುದೋ ಕೊಟ್ಟಿಗೆಯ ಮೂಲೆ ಸೇರಿದವು.

ಅಮೆರಿಕದಲ್ಲಿ 1985 ಈ ಬೈಕುಗಳ ಕೊನೆಯ ವರ್ಷ. 1986ರಿಂದ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ತನ್ನ ಪಂದ್ಯಗಳಲ್ಲಿ ಅಂಗಡಿಯಲ್ಲಿ ಸಿಗುವ ಬೈಕಿನ ಆಧಾರದ ಮೇಲೆ ಕಟ್ಟಿದವುಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಹಣವಿದ್ದ ಕಂಪನಿಯ ಸವಾರ ಮಾತ್ರ ಗೆಲ್ಲುವುದು ನ್ಯಾಯವಲ್ಲ ಎಂಬುದು ಅದರ ವಾದ. ಒಪ್ಪತಕ್ಕ ವಾದವೇ. ಆದರೆ ಆ ನಿಯಮದಿಂದಾಗಿ ಒಂದು ಯುಗಕ್ಕೆ ಗೆರೆ ಎಳೆದಂತಾಯಿತು. ಇಂದಿನ ಸಂಗ್ರಾಹಕರು ಮುಖ್ಯವಾಗಿ ಹುಡುಕುವುದು ಎಪ್ಪತ್ತರ ಆರಂಭದಿಂದ ಈ ಗೆರೆಯವರೆಗಿನ ಬೈಕುಗಳನ್ನು.

ವಿನೆಗರ್ ಪರೀಕ್ಷೆ

ಅಪರೂಪದ ವಸ್ತುವಿನ ಹಿಂದೆಯೇ ನಕಲಿಯೂ ಬರುತ್ತದೆ. ಸಾಮಾನ್ಯ ಬೈಕಿನ ಚಾಸಿಸ್‌ಗೆ ನಾಲ್ಕಾರು ಅಸಲಿ ಭಾಗಗಳನ್ನು ಜೋಡಿಸಿ 'ಇದು ಇಂಥ ಚಾಂಪಿಯನ್ ಓಡಿಸಿದ್ದು' ಎಂದರೆ ನಂಬುವುದೋ ಬಿಡುವುದೋ? ಸಂಗ್ರಾಹಕನ ನಿಜವಾದ ಕೆಲಸ ಆರಂಭವಾಗುವುದು ಇಲ್ಲಿ. ರಸ್ತೆಯ ಬೈಕಿಗೆ ಇರುವಂತೆ ಇವಕ್ಕೆ ನೋಂದಣಿ ಪುಸ್ತಕ ಇಲ್ಲ. ಯಮಾಹಾದವಕ್ಕೆ 'ಓಡಬ್ಲ್ಯು', ಹೋಂಡಾದವಕ್ಕೆ 'ಆರ್‌ಸಿ', ಸುಜುಕಿಯ 250 ಸಿಸಿಗೆ 'ಆರ್‌ಎಚ್', ದೊಡ್ಡ ಬೈಕಿಗೆ 'ಆರ್‌ಎನ್', ಕವಾಸಾಕಿಗೆ 'ಎಸ್‌ಆರ್' ಎಂಬ ಒಳಸಂಕೇತಗಳಿದ್ದವು. ಸಂಖ್ಯೆ ಮಾತ್ರ ನೋಡಿ ತೀರ್ಮಾನಿಸಿದರೆ ಮೋಸ ಹೋಗುವುದು ಖಂಡಿತ. ಸಂಖ್ಯೆಯನ್ನು ಯಾರು ಬೇಕಾದರೂ ಕೆತ್ತಬಹುದಲ್ಲ!

ಆದ್ದರಿಂದ ಲೋಹವನ್ನೇ ಮಾತನಾಡಿಸಬೇಕು. ಅಂಗಡಿಯ ಬೈಕಿನ ಎಂಜಿನ್ ಕವಚವನ್ನು ಉಕ್ಕಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅದರ ಮೈ ನುಣುಪು. ನಾಲ್ಕೈದು ಬೈಕಿಗಾಗಿ ಅಷ್ಟು ದುಬಾರಿ ಅಚ್ಚು ಮಾಡಿಸುವವರುಂಟೇ? ವರ್ಕ್ಸ್ ಬೈಕಿನದು ಮರಳಿನ ಅಚ್ಚಿನ ಎರಕ, ಮುಟ್ಟಿದರೆ ತರಿತರಿ. ಮೆಗ್ನೀಸಿಯಮ್ಮೋ ಅಲ್ಯೂಮಿನಿಯಮ್ಮೋ ಎಂಬ ಅನುಮಾನ ಬಂದರೆ ಕಾಣದ ಒಂದು ಮೂಲೆಯಲ್ಲಿ ಒಂದು ಹನಿ ವಿನೆಗರ್ ಬಿಡುವುದು. ಮೆಗ್ನೀಸಿಯಂ ಆದರೆ ಕೂಡಲೇ ನೊರೆ ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಅಡುಗೆಮನೆಯ ಸೀಸೆಯಿಂದ ಲಕ್ಷಾಂತರ ರೂಪಾಯಿಯ ವ್ಯವಹಾರ ತೀರ್ಮಾನವಾಗುವುದು ಸೋಜಿಗವೇ.

ಆಮೇಲೆ ಹಳೆಯ ಫೋಟೋಗಳು. ಆ ಕಾಲದ ಪತ್ರಿಕೆಗಳಲ್ಲಿ ಬಂದ ಕಪ್ಪು ಬಿಳುಪು ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿ ಬೆಸುಗೆಯ ಗೆರೆ, ಬ್ರಾಕೆಟ್‌ನ ಆಕಾರ, ಟ್ಯಾಂಕಿನ ನೆಗ್ಗು ಹೊಂದಿಸುತ್ತಾರೆ. ಕೊನೆಯ ಸಾಕ್ಷಿ ಆ ಬೈಕನ್ನು ಕಟ್ಟಿದ ಮೆಕ್ಯಾನಿಕ್. ತಾನು ಅವಸರದಲ್ಲಿ ಕೊರೆದ ಒಂದು ತೂತು, ಅರಗಳಿಂದ ಉಜ್ಜಿದ ಒಂದು ಅಂಚು ಅವನಿಗೆ ನಲವತ್ತು ವರ್ಷದ ಮೇಲೂ ನೆನಪಿರುತ್ತದೆ. ಆದರೆ ಆ ಸಾಕ್ಷಿಗಳೂ ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಆರು ಬಾರಿಯ ಚಾಂಪಿಯನ್ ಜೋಯೆಲ್ ರಾಬರ್ಟ್ 2021ರಲ್ಲಿ ತೀರಿಕೊಂಡರು. ಕೇಳಿ ಬರೆದಿಟ್ಟುಕೊಳ್ಳಲು ಹೆಚ್ಚು ಕಾಲ ಉಳಿದಿಲ್ಲ.

ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರಲ್ಲಿ ಅಮೆರಿಕದ ಟೆರಿ ಗುಡ್ ಒಬ್ಬರು. ಚಾಂಪಿಯನ್ನರ ಕಾರ್ಖಾನೆ ಬೈಕುಗಳ ಬಗ್ಗೆಯೇ ಅವರು 2009ರಲ್ಲಿ ಒಂದು ಪುಸ್ತಕ ತಂದರು. ಕ್ಯಾಲಿಫೋರ್ನಿಯದ ಟಾಮ್ ವೈಟ್, 2017ರಲ್ಲಿ ನಿಧನರಾಗುವವರೆಗೆ, ಮೋಟೊಕ್ರಾಸ್‌ನ ಆರಂಭದ ವರ್ಷಗಳಿಗೇ ಮೀಸಲಾದ ಖಾಸಗಿ ಮ್ಯೂಸಿಯಂ ನಡೆಸುತ್ತಿದ್ದರು. ಕಂಪನಿಗಳಿಗೂ ತಡವಾಗಿ ಬುದ್ಧಿ ಬಂದಿದೆ. ಹೋಂಡಾ 1998ರಲ್ಲಿ ಜಪಾನಿನ ಮೊಟೆಗಿಯಲ್ಲಿ ತೆರೆದ ಸಂಗ್ರಹಾಲಯದಲ್ಲಿ ಹಳೆಯ ರೇಸ್ ಯಂತ್ರಗಳನ್ನು ಓಡುವ ಸ್ಥಿತಿಯಲ್ಲೇ ಇಟ್ಟಿದೆ. ಯಮಾಹಾ ಇವಾಟಾದಲ್ಲೂ ಸುಜುಕಿ ಹಮಾಮತ್ಸುವಿನಲ್ಲೂ ತಮ್ಮ ಚರಿತ್ರೆಯನ್ನು ಪ್ರದರ್ಶಿಸುತ್ತಿವೆ.

ಬಣ್ಣ ಬಳಿಯುವುದೋ ಬೇಡವೋ

ಸಂಗ್ರಾಹಕರ ನಡುವೆ ಬಗೆಹರಿಯದ ಒಂದು ಜಗಳವಿದೆ. ಸಿಕ್ಕಿದ ಬೈಕನ್ನು ಹೊಸದರಂತೆ ಮಾಡುವುದೇ, ಸಿಕ್ಕಿದಂತೆಯೇ ಇಡುವುದೇ? ಹೊಳೆಯುವ ಬೈಕಿಗೆ ನೋಡುಗರು ಹೆಚ್ಚು. ಆದರೆ ಸವಾರನ ಬೂಟು ಉಜ್ಜಿ ಸವೆದ ಕವಚವನ್ನು ಪಾಲಿಷ್ ಮಾಡಿದರೆ ಅವನು ಓಡಿಸಿದ ಗುರುತೇ ಅಳಿಸಿಹೋಗುತ್ತದೆ. ಹಂಪಿಯ ಕಲ್ಲಿಗೆ ಎಣ್ಣೆ ಬಣ್ಣ ಬಳಿದರೆ ಹೇಗೋ ಹಾಗೆ. ಇತ್ತೀಚೆಗೆ ಕೈ ಹಚ್ಚದೆ ಇಡುವವರ ಪಕ್ಷ ಬಲವಾಗುತ್ತಿರುವಂತೆ ಕಾಣುತ್ತದೆ.

ಅದೂ ಸುಲಭವಲ್ಲ. ಬೈಕನ್ನು ಹಗುರ ಮಾಡಿದ ಮೆಗ್ನೀಸಿಯಮ್ಮೇ ಇಂದು ಅದರ ಶತ್ರು. ತೇವ ತಾಗಿದರೆ ಸಾಕು, ಬಿಳಿ ಪುಡಿಯಾಗಿ ಉದುರತೊಡಗುತ್ತದೆ, ಮೈಯಲ್ಲಿ ಗುಳಿಗಳೇಳುತ್ತವೆ. ಒಡೆದ ಎಂಜಿನ್ ಕವಚಕ್ಕೆ ಬದಲಿ ಇಲ್ಲ. ಹಳೆಯದನ್ನೇ ಮಾದರಿಯಾಗಿಟ್ಟು ಹೊಸದಾಗಿ ಎರಕ ಹೊಯ್ಯಿಸಬಹುದು, ಆದರೆ ಆಗ ಅದು ಅಸಲಿಯೇ ಎಂಬ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಹೀಗಾಗಿ ಹಲವು ಸಂಗ್ರಾಹಕರು ಈ ಬೈಕುಗಳನ್ನು ತೇವಾಂಶ ನಿಯಂತ್ರಿಸಿದ ಕೋಣೆಯಲ್ಲಿ ನಿಲ್ಲಿಸಿ, ಎಂಜಿನ್ನನ್ನು ಚಾಲೂ ಮಾಡುವುದನ್ನೇ ಬಿಟ್ಟಿದ್ದಾರೆ. ಇನ್ನು ಕೆಲವರು ವರ್ಷಕ್ಕೊಮ್ಮೆ ಹಳೆಯ ಬೈಕುಗಳ ಕೂಟಕ್ಕೆ ತಂದು, ಸಾಧ್ಯವಾದರೆ ಅದನ್ನು ಹಿಂದೆ ಓಡಿಸಿದ್ದ ಸವಾರನನ್ನೇ ಕರೆಸಿ, ಮೈದಾನದಲ್ಲಿ ಒಂದೆರಡು ಸುತ್ತು ಹಾಕಿಸುತ್ತಾರೆ. ನೆಗೆತ ಮಾತ್ರ ಬೇಡವೆಂದು ಮೊದಲೇ ಹೇಳಿಟ್ಟಿರುತ್ತಾರೆ.