ಅಚ್ಚು ಚೆನ್ನಾಗಿದ್ರೂ ಬಾಕ್ಸ್ ವಾಪಸ್ ಬರೋದು ಯಾಕೆ? ಗಾರ್ಮೆಂಟ್ಸ್‌ನ ಆರ್‌ಎಫ್‌ಐಡಿ ಲೇಬಲ್ ಪ್ರಿಂಟರ್ ಬಗ್ಗೆ ತಿಳಿಯಬೇಕಾದ್ದು

ದೊಡ್ಡಬಳ್ಳಾಪುರ: ಮಗ್ಗದ ಸದ್ದಿಗೆ ಹೆಸರಾದ ಈ ಊರಿನ ಸುತ್ತ ಈಗ ಗಾರ್ಮೆಂಟ್ಸ್‌ಗಳೂ ಸಾಕಷ್ಟಿವೆ. ಅಪಾರೆಲ್ ಪಾರ್ಕ್‌ನ ದೊಡ್ಡ ಕಾರ್ಖಾನೆಗಳಿರಲಿ, ಅವರಿಂದ ಜಾಬ್ ವರ್ಕ್ ತಗೊಳ್ಳೋ ಸಣ್ಣ ಘಟಕಗಳಿರಲಿ, ವಿದೇಶಿ ಬ್ರಾಂಡ್‌ಗೆ ಬಟ್ಟೆ ಹೊಲಿಯುವ ಕಡೆ ಪ್ಯಾಕಿಂಗ್ ವಿಭಾಗಕ್ಕೆ ಹೊಸದೊಂದು ಯಂತ್ರ ಬರ್ತಿದೆ. ಅದೇ ಆರ್‌ಎಫ್‌ಐಡಿ ಲೇಬಲ್ ಪ್ರಿಂಟರ್. ಹೊರಗಿಂದ ನೋಡಿದರೆ ಮಾಮೂಲಿ ಬಾರ್‌ಕೋಡ್ ಪ್ರಿಂಟರ್ ಥರಾನೇ ಇರುತ್ತೆ. ಆದರೆ ಅದನ್ನು ಬಾರ್‌ಕೋಡ್ ಪ್ರಿಂಟರ್ ಅಂತಲೇ ತಿಳಿದು ಓಡಿಸಿದರೆ ಕಷ್ಟ ಕಟ್ಟಿಟ್ಟ ಬುತ್ತಿ. ಕಾರಣ ಸರಳ: ಇಲ್ಲಿ ಕೆಲಸ ಎರಡು. ಒಂದು ಕಣ್ಣಿಗೆ ಕಾಣುವ ಅಚ್ಚು. ಇನ್ನೊಂದು ಕಾಣದ ಚಿಪ್‌ಗೆ ನಂಬರ್ ಬರೆಯೋದು. ಮೊದಲನೆಯದು ಸರಿ ಇದ್ದ ಮಾತ್ರಕ್ಕೆ ಎರಡನೆಯದೂ ಸರಿ ಇದೆ ಅಂತ ಹೇಳಲಾಗದು.

ಖರೀದಿದಾರರ ಗೋದಾಮಿನಲ್ಲಿ ಬಾಕ್ಸ್ ಬಿಚ್ಚಿ ಎಣಿಸುವುದಿಲ್ಲ. ರೀಡರ್ ಮುಂದೆ ಹಾಯಿಸುತ್ತಾರೆ. 40 ಪೀಸ್ ಇರುವ ಬಾಕ್ಸ್‌ನಲ್ಲಿ ರೀಡರ್ 38 ತೋರಿಸಿದರೆ ಅದು ಕಡಿಮೆ ಮಾಲು ಅಂತಲೇ ಲೆಕ್ಕ. ಆಮೇಲೆ ದಂಡ, ಮಾಲು ವಾಪಸ್, ಇಲ್ಲವೇ ರಾತ್ರಿಯೆಲ್ಲ ಕೂತು ಹೊಸ ಲೇಬಲ್ ಹಾಕುವ ಪಾಡು. ಆ ಓವರ್‌ಟೈಮ್ ಬೀಳೋದು ಪ್ಯಾಕಿಂಗ್ ಟೇಬಲ್‌ನಲ್ಲಿ ನಿಂತು ಕೆಲಸ ಮಾಡುವ ಹೆಣ್ಣುಮಕ್ಕಳ ಮೇಲೆ, ಬೈಗುಳ ಬೀಳೋದು ಪ್ರಿಂಟರ್ ಆಪರೇಟರ್ ಮೇಲೆ. ಇದರಲ್ಲಿ ಬಹುಪಾಲನ್ನು ಪ್ರಿಂಟರ್ ಹತ್ತಿರವೇ ತಡೆಯಬಹುದು.

ಲೇಬಲ್ ಒಳಗೆ ಏನಿದೆ?

ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಎಲ್ಲರಿಗೂ ಗೊತ್ತು. ಬಟ್ಟೆಯ ಆರ್‌ಎಫ್‌ಐಡಿ ಲೇಬಲ್ ಕೂಡ ಅದೇ ಜಾತಿಯದು. ಲೇಬಲ್‌ನ ಪದರಗಳ ನಡುವೆ ತೆಳುವಾದ ಲೋಹದ ಆಂಟೆನಾ, ಅದರ ಮಧ್ಯೆ ಎಳ್ಳಿನ ಕಾಳಿಗಿಂತ ಚಿಕ್ಕ ಚಿಪ್. ಬ್ಯಾಟರಿ ಇಲ್ಲ. ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. ಆಂಟೆನಾ ಮತ್ತು ಚಿಪ್ ಸೇರಿದ ಈ ಭಾಗಕ್ಕೆ ಇನ್‌ಲೇ ಅಂತಾರೆ.

ಬಾರ್‌ಕೋಡ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಒಂದೇ ಬಣ್ಣ, ಒಂದೇ ಸೈಜಿನ ಸಾವಿರ ಟೀ ಶರ್ಟ್‌ಗೂ ಬಾರ್‌ಕೋಡ್ ಒಂದೇ. ಆರ್‌ಎಫ್‌ಐಡಿಯಲ್ಲಿ ಹಾಗಲ್ಲ, ಸಾವಿರಕ್ಕೂ ಬೇರೆ ಬೇರೆ ನಂಬರ್. ಇದನ್ನು ಇಪಿಸಿ ನಂಬರ್ ಎನ್ನುತ್ತಾರೆ. ಬಟ್ಟೆಗೆ ಸಾಮಾನ್ಯವಾಗಿ ಬಳಸುವ ಮಾದರಿಯಲ್ಲಿ ಇದು 96 ಬಿಟ್ ಉದ್ದ, ಅಂದರೆ ಪರದೆಯ ಮೇಲೆ 24 ಅಕ್ಷರ. ಬಾರ್‌ಕೋಡಿನ ನಂಬರ್ ಇದರೊಳಗೇ ಅಡಗಿರುತ್ತದೆ, ಜೊತೆಗೆ 38 ಬಿಟ್‌ನ ಕ್ರಮಸಂಖ್ಯೆ. ಆ ಕ್ರಮಸಂಖ್ಯೆಯೇ ಪ್ರತಿ ಪೀಸನ್ನು ಬೇರೆ ಮಾಡುವುದು. ಡೆಕಾಥ್ಲಾನ್ ಮಳಿಗೆಯಲ್ಲಿ ವಸ್ತುಗಳನ್ನೆಲ್ಲ ಒಟ್ಟಿಗೆ ಇಟ್ಟರೂ ಒಂದೊಂದರ ಬೆಲೆ ತಾನಾಗಿ ಬಿಲ್ ಆಗುವುದು ಇದರಿಂದಲೇ.

ಮೊದಲ ದಿನ: ಜಾಗ, ಕರೆಂಟು, ಸೆಟ್ಟಿಂಗ್

ಪ್ರಿಂಟರನ್ನು ಎಲ್ಲಿ ಇಡ್ತೀವಿ ಅನ್ನೋದು ಇಲ್ಲಿ ಮುಖ್ಯ. ಲೋಹ ರೇಡಿಯೋ ಅಲೆಯನ್ನು ವಾಪಸ್ ಹೊಡೆಯುತ್ತದೆ. ಹಾಗಾಗಿ ಸ್ಟೀಲ್ ರ‍್ಯಾಕ್ ಸಂದಿಯಲ್ಲಿ ತುರುಕಬಾರದು, ಮರದ ಟೇಬಲ್ ಒಳ್ಳೆಯದು. ಪಕ್ಕದಲ್ಲೇ ಇನ್ನೊಂದು ರೀಡರ್ ಚಾಲೂ ಇರಬಾರದು. ಹೊಡೆದ ಲೇಬಲ್‌ಗಳ ರಾಶಿಯನ್ನು ಪ್ರಿಂಟರ್ ಮೇಲೆಯೇ ಪೇರಿಸುವ ಅಭ್ಯಾಸವೂ ಬೇಡ. ಕರೆಂಟಿಗೆ ಸರಿಯಾದ ಅರ್ಥಿಂಗ್ ಮತ್ತು ಯುಪಿಎಸ್ ಇರಲಿ. ಮಧ್ಯದಲ್ಲಿ ಕರೆಂಟು ಹೋದರೆ ಆಗುವ ತೊಂದರೆ ಏನೆಂದು ಮುಂದೆ ನೋಡೋಣ.

ಮೆನುವಿನಲ್ಲಿ ದೇಶ ಅಥವಾ ಫ್ರೀಕ್ವೆನ್ಸಿ ಕೇಳಿದರೆ ಭಾರತ ಅಂತಲೇ ಆರಿಸಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರೋದು 865 ಮೆಗಾಹರ್ಟ್ಜ್‌ನಿಂದ ಶುರುವಾಗುವ ಪಟ್ಟಿ. ಅಮೆರಿಕದಲ್ಲಿ 902ರಿಂದ 928. ಅಲ್ಲಿಗೆಂದು ತಯಾರಾದ ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮುಂಚೆ ಇದನ್ನು ಕೇಳಿ ತಿಳಿಯಬೇಕು. ಇನ್ನೊಂದು ಮಾತು: ಬಹಳಷ್ಟು ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಅಂಟಿಸುವ ಟ್ಯಾಗ್ 13.56 ಮೆಗಾಹರ್ಟ್ಜ್‌ನದು. ಅದನ್ನು ಗಾರ್ಮೆಂಟ್ಸ್ ಪ್ರಿಂಟರ್ ಬರೆಯಲಾರದು.

ರೋಲು, ರಿಬ್ಬನ್ನು

ಹ್ಯಾಂಗ್ ಟ್ಯಾಗ್ ಮತ್ತು ಸ್ಟಿಕ್ಕರ್‌ಗೆ ವ್ಯಾಕ್ಸ್ ಅಥವಾ ವ್ಯಾಕ್ಸ್-ರೆಸಿನ್ ರಿಬ್ಬನ್ ನಡೆಯುತ್ತದೆ. ಒಗೆಯುವಾಗಲೂ ಉಳಿಯಬೇಕಾದ ಸ್ಯಾಟಿನ್ ಅಥವಾ ನೈಲಾನ್ ವಾಶ್ ಕೇರ್ ಲೇಬಲ್‌ಗೆ ರೆಸಿನ್ ರಿಬ್ಬನ್ನೇ ಬೇಕು. ರಿಬ್ಬನ್ನಿನ ಇಂಕ್ ಯಾವ ಕಡೆ ಇದೆ ಅಂತ ಗೊತ್ತಾಗದಿದ್ದರೆ ಒಂದು ಸ್ಟಿಕ್ಕರ್ ಅಂಟಿಸಿ ಕಿತ್ತು ನೋಡಿ. ಕಪ್ಪು ಕಿತ್ತು ಬಂದ ಕಡೆ ಇಂಕ್ ಇದೆ, ಆ ಮುಖ ಲೇಬಲ್ ಕಡೆಗಿರಬೇಕು. ರಿಬ್ಬನ್ ಅಗಲ ಲೇಬಲ್‌ಗಿಂತ ಸ್ವಲ್ಪ ಜಾಸ್ತಿ ಇರಲಿ. ಇಲ್ಲದಿದ್ದರೆ ಲೇಬಲ್ ಅಂಚು ಪ್ರಿಂಟ್ ಹೆಡ್ಡಿಗೆ ಉಜ್ಜಿ ಅದನ್ನು ಸವೆಸುತ್ತದೆ.

ಚಿಪ್ ಇರುವ ಜಾಗದಲ್ಲಿ ಲೇಬಲ್ ಕೊಂಚ ಉಬ್ಬಿರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಡಿಸೈನ್ ಮಾಡುವಾಗ ಆ ಉಬ್ಬಿನ ಮೇಲೆ ಬಾರ್‌ಕೋಡ್ ಆಗಲಿ, ಬೆಲೆ ಆಗಲಿ ಬರದಂತೆ ನೋಡಿಕೊಳ್ಳಬೇಕು. ಅಲ್ಲಿ ಅಚ್ಚು ಸರಿಯಾಗಿ ಕೂರಲ್ಲ, ಹೆಡ್ಡಿಗೂ ಒಳ್ಳೆಯದಲ್ಲ.

ಕ್ಯಾಲಿಬ್ರೇಶನ್ ಒಂದಲ್ಲ, ಎರಡು

ಬಾರ್‌ಕೋಡ್ ಪ್ರಿಂಟರ್ ಬಳಸಿ ರೂಢಿಯಿದ್ದವರು ಎಡವೋದು ಇಲ್ಲೇ. ಮೊದಲನೆಯದು ಲೇಬಲ್ ಕ್ಯಾಲಿಬ್ರೇಶನ್. ಎರಡು ಲೇಬಲ್ ನಡುವಿನ ಸಂದು, ತೂತು ಅಥವಾ ಹಿಂಬದಿಯ ಕಪ್ಪು ಗುರುತನ್ನು ಸೆನ್ಸರ್ ಹುಡುಕಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರೋದೇ.

ಎರಡನೆಯದು ಆರ್‌ಎಫ್‌ಐಡಿ ಕ್ಯಾಲಿಬ್ರೇಶನ್. ಇದರಲ್ಲಿ ಪ್ರಿಂಟರ್ ಲೇಬಲನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಚಿಪ್ ಯಾವ ಜಾಗದಲ್ಲಿ ಚೆನ್ನಾಗಿ ಸಿಗುತ್ತದೆ, ಅದಕ್ಕೆ ಎಷ್ಟು ಪವರ್ ಸಾಕು ಅಂತ ಪತ್ತೆ ಮಾಡುತ್ತದೆ. ಇದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಮುಂದೆ ಚಾಚಿದ ಲೇಬಲನ್ನು ಅಷ್ಟರಲ್ಲಿ ಹರಿಯದೆ ಸುಮ್ಮನೆ ಕಾಯಬೇಕು. ಇನ್‌ಲೇ ಮಾದರಿ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಮೇಲ್ನೋಟಕ್ಕೆ ಲೇಬಲ್ ಅಳತೆ ಒಂದೇ ಇದ್ದರೂ ಒಳಗಿನ ಆಂಟೆನಾದ ಆಕಾರ, ಜಾಗ ಬೇರೆ ಇರಬಹುದು. ಆದ್ದರಿಂದ ರೋಲ್ ಆರ್ಡರ್ ಮಾಡುವಾಗ ಅಳತೆ ಮಾತ್ರ ಅಲ್ಲ, ಇನ್‌ಲೇ ಮಾದರಿಯ ಹೆಸರನ್ನೂ ಬರೆಸಿಕೊಳ್ಳಬೇಕು.

ಪವರ್ ಜಾಸ್ತಿ ಮಾಡಿದ್ರೆ ಏನಾಗುತ್ತೆ?

ಚಿಪ್ ಬರೆಯಲು ಆಗದಿದ್ದರೆ ಪ್ರಿಂಟರ್ ಆ ಲೇಬಲ್ ಮೇಲೆ ದಪ್ಪಕ್ಷರದಲ್ಲಿ ವಾಯ್ಡ್ ಅಂತ ಹೊಡೆದು ಮುಂದಿನದಕ್ಕೆ ಹೋಗುತ್ತದೆ. ರೋಲಿಗೆ ಅಪರೂಪಕ್ಕೆ ಒಂದೆರಡು ಬಂದರೆ ಗಾಬರಿ ಬೇಡ. ಸಾಲಾಗಿ ಬಂದರೆ ನಿಲ್ಲಿಸಬೇಕು. ಇಂಥ ಹೊತ್ತಿನಲ್ಲಿ ಪವರ್ ಪೂರ್ತಿ ಏರಿಸಿ ನೋಡೋಣ ಅನ್ನೋ ಬುದ್ಧಿ ಬರುತ್ತದೆ. ಅದು ಅಪಾಯ. ಪವರ್ ಹೆಚ್ಚಾದರೆ ಪಕ್ಕದ ಲೇಬಲ್‌ನ ಚಿಪ್ ಕೂಡ ಎಚ್ಚರವಾಗುತ್ತದೆ. ನಂಬರ್ ಹೋಗಿ ಅದರಲ್ಲಿ ಕೂರಬಹುದು. ಆಗ ಒಬ್ಬರ ಫೋಟೋ ಇರುವ ಕಾರ್ಡಿನಲ್ಲಿ ಇನ್ನೊಬ್ಬರ ಆಧಾರ್ ನಂಬರ್ ಬಂದಂತೆ. ಲೇಬಲ್ ಮೇಲೆ ಎಂ ಸೈಜ್, ಚಿಪ್ ಒಳಗೆ ಎಲ್ ಸೈಜ್. ವಾಯ್ಡ್ ಕೂಡ ಬರಲ್ಲ, ಅಚ್ಚೂ ಅಂದವಾಗಿರುತ್ತದೆ, ಯಾರಿಗೂ ಗೊತ್ತಾಗಲ್ಲ.

ವಾಯ್ಡ್ ಸಾಲಾಗಿ ಬಂದಾಗ ಕ್ರಮ ಹೀಗಿರಲಿ: ಮೊದಲು ಎರಡೂ ಕ್ಯಾಲಿಬ್ರೇಶನ್ ಮತ್ತೆ ಮಾಡಿ. ಸರಿಹೋಗದಿದ್ದರೆ ಹಿಂದೆ ಚೆನ್ನಾಗಿ ಓಡಿದ ರೋಲ್ ಹಾಕಿ ನೋಡಿ. ಅದು ಓಡಿದರೆ ದೋಷ ಹೊಸ ರೋಲಿನದು. ಅದೂ ಓಡದಿದ್ದರೆ ಪ್ರಿಂಟರಿನದು, ಸರ್ವಿಸ್ ಎಂಜಿನಿಯರ್‌ಗೆ ಕರೆ ಮಾಡಿ.

ಎರಡು ಪೀಸಿಗೆ ಒಂದೇ ನಂಬರ್: ದೊಡ್ಡ ತಲೆನೋವು

ಎರಡು ಲೇಬಲ್‌ನಲ್ಲಿ ಒಂದೇ ಇಪಿಸಿ ಇದ್ದರೆ ರೀಡರ್ ಎರಡನ್ನೂ ಸೇರಿಸಿ ಒಂದು ಅಂತಲೇ ಎಣಿಸುತ್ತದೆ. ಬಾಕ್ಸ್‌ನಲ್ಲಿ ಮಾಲು ಪೂರ್ತಿ ಇದ್ದರೂ ಲೆಕ್ಕ ಕಡಿಮೆ ಬರುತ್ತದೆ. ಇಂಥ ಡೂಪ್ಲಿಕೇಟ್ ಹುಟ್ಟೋದು ಬಹುತೇಕ ಅವಸರದಲ್ಲಿ. ಕರೆಂಟು ಹೋಯಿತು, ರಿಬ್ಬನ್ ಮುಗಿಯಿತು, ಲೇಬಲ್ ಸಿಕ್ಕಿಹಾಕಿಕೊಂಡಿತು ಅಂದುಕೊಳ್ಳಿ. ಎಷ್ಟು ಹೊಡೆದಿದೆ ಅಂತ ನೋಡದೆ ಆಪರೇಟರ್ ಅದೇ ಫೈಲನ್ನು ಮತ್ತೆ ಕಳಿಸುತ್ತಾರೆ. ಅತ್ತ ಪ್ರಿಂಟರ್ ಕೂಡ ಅರ್ಧಕ್ಕೆ ನಿಂತ ಲೇಬಲನ್ನು ತಾನಾಗೇ ಪುನಃ ಹೊಡೆದಿರುತ್ತದೆ.

ಇದಕ್ಕೆ ಪರಿಹಾರ: ಕೆಲಸ ನಿಂತಾಗ ಕೊನೆಗೆ ಬಂದ ಒಳ್ಳೆಯ ಲೇಬಲ್‌ನ ನಂಬರನ್ನು ಹ್ಯಾಂಡ್ ರೀಡರ್‌ನಲ್ಲಿ ಓದಿ, ಅದರ ಮುಂದಿನದರಿಂದಲೇ ಶುರು ಮಾಡಬೇಕು. ಕೆಟ್ಟ ಲೇಬಲ್‌ಗಳನ್ನು ಟೇಬಲ್ ಕೆಳಗಿನ ಬುಟ್ಟಿಗೆ ಹಾಗೇ ಎಸೆಯಬಾರದು, ರೀಡರ್ ಅದನ್ನೂ ಎಣಿಸೀತು. ಚಿಪ್ ಇರುವ ಜಾಗದಲ್ಲೇ ಕತ್ತರಿಸಿ, ಎಷ್ಟು ಹಾಳಾಯಿತು ಅಂತ ಪುಸ್ತಕದಲ್ಲಿ ಬರೆಯಬೇಕು.

ಎಕ್ಸೆಲ್ ಶೀಟ್ ಇನ್ನೊಂದು ಮೋಸದ ಜಾಗ. ಎಕ್ಸೆಲ್ 15 ಅಂಕಿಗಿಂತ ಉದ್ದದ ಸಂಖ್ಯೆಯ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ, ಮುಂದಿರುವ ಸೊನ್ನೆಗಳನ್ನು ತಿಂದುಹಾಕುತ್ತದೆ. ಇಪಿಸಿ ನಂಬರಿನಲ್ಲಿ ಅಂಕಿಗಳ ನಡುವೆ ‘ಇ’ ಅನ್ನೋ ಇಂಗ್ಲಿಷ್ ಅಕ್ಷರ ಒಂದೇ ಬಂದರೆ ಅದನ್ನು ಲೆಕ್ಕದ ಸಂಖ್ಯೆ ಅಂದುಕೊಂಡು ರೂಪವನ್ನೇ ಬದಲಿಸಬಹುದು. ಹಾಗಾಗಿ ಡೇಟಾ ಹಾಕುವ ಮುಂಚೆಯೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಟ್ಟುಕೊಳ್ಳಬೇಕು. ಹಾಕಿದ ಮೇಲೆ ಬದಲಿಸಿದರೆ ಹೋದ ಅಂಕಿ ವಾಪಸ್ ಬರಲ್ಲ.

ಓದಿ ನೋಡೋದೇ ಪರೀಕ್ಷೆ

ಪ್ರತಿ ರೋಲಿನ ಮೊದಲ ಐದು, ನಡುವೆ ಐದು, ಕೊನೆಗೆ ಐದು ಲೇಬಲ್ ತೆಗೆದು ಹ್ಯಾಂಡ್ ರೀಡರ್‌ನಲ್ಲಿ ಓದಿ, ಅಚ್ಚಿನ ಜೊತೆ ತಾಳೆ ನೋಡುವ ಪದ್ಧತಿ ಇಟ್ಟುಕೊಳ್ಳಬಹುದು. ಓದುವಾಗ ಉಳಿದ ಲೇಬಲ್‌ಗಳಿಂದ ದೂರ ಹೋಗಬೇಕು. ಇಲ್ಲದಿದ್ದರೆ ಯಾವುದು ಉತ್ತರ ಕೊಟ್ಟಿತು ಅಂತ ತಿಳಿಯಲ್ಲ. ಬಾಕ್ಸ್‌ಗೆ ಟೇಪ್ ಹಾಕುವ ಮುಂಚೆ ಇಡೀ ಬಾಕ್ಸ್ ಒಮ್ಮೆ ಎಣಿಸಿದರೆ ಇನ್ನೂ ಒಳ್ಳೆಯದು. ಜೀನ್ಸ್ ಇದ್ದರೆ ಲೇಬಲ್ ಲೋಹದ ಬಟನ್, ರಿವೆಟ್, ಜಿಪ್‌ಗೆ ಒತ್ತಿಕೊಳ್ಳದಂತೆ ಮಡಚಬೇಕು. ಒದ್ದೆ ಬಟ್ಟೆಯಲ್ಲಿ ಚಿಪ್ ಸರಿಯಾಗಿ ಓದಲ್ಲ ಅನ್ನೋದೂ ನೆನಪಿರಲಿ.

ಧೂಳು, ನೂಲು, ಒಣ ಹವೆ

ಗಾರ್ಮೆಂಟ್ಸ್‌ನಲ್ಲಿ ಗಾಳಿ ತುಂಬ ನೂಲಿನ ಧೂಳು. ಅದು ಪ್ರಿಂಟ್ ಹೆಡ್ಡಿಗೂ ಸೆನ್ಸರಿಗೂ ಅಂಟುತ್ತದೆ. ನಿರ್ವಹಣೆ ಕಷ್ಟವೇನಲ್ಲ, ತಪ್ಪದೆ ಮಾಡಬೇಕು ಅಷ್ಟೇ.

* ಪ್ರತಿ ಸಲ ರಿಬ್ಬನ್ ಬದಲಿಸುವಾಗ: ಪ್ರಿಂಟರ್ ಆಫ್ ಮಾಡಿ, ಹೆಡ್ ತಣ್ಣಗಾಗಲು ಬಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಹೆಡ್ ಒರೆಸಬೇಕು. ಒಣಗಿದ ಮೇಲೇ ಆನ್ ಮಾಡಬೇಕು. ಬ್ಲೇಡ್, ಸೂಜಿ, ಉಗುರು ಮುಟ್ಟಿಸಬಾರದು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಜೆಲ್ ಇರುತ್ತೆ.
* ವಾರಕ್ಕೊಮ್ಮೆ: ಕಪ್ಪು ರಬ್ಬರ್ ರೋಲರನ್ನು ಸುತ್ತಿಸುತ್ತಾ ಒರೆಸಿ, ಸೆನ್ಸರ್ ಮೇಲಿನ ಧೂಳನ್ನು ಮೃದು ಬ್ರಷ್‌ನಿಂದ ತೆಗೆಯಬೇಕು.
* ರಾತ್ರಿ: ಮುಚ್ಚಳ ಹಾಕಿ, ಮೇಲೆ ಬಟ್ಟೆ ಹೊದಿಸಬೇಕು. ಯಂತ್ರ ಆಫ್ ಆಗಿರಲಿ.

ಅಚ್ಚಿನಲ್ಲಿ ಉದ್ದಕ್ಕೂ ಬಿಳಿ ಗೆರೆ ಬಂದರೆ ಮೊದಲು ಹೆಡ್ ಒರೆಸಿ. ಹೋಗದಿದ್ದರೆ ಹೆಡ್ಡಿನ ಬಿಂದು ಸುಟ್ಟಿದೆ, ಹೆಡ್ ಬದಲಿಸಬೇಕು. ಡಾರ್ಕ್‌ನೆಸ್ ಸದಾ ಮೇಲಿಟ್ಟು ಓಡಿಸಿದರೆ ಹೆಡ್ ಬೇಗ ಹೋಗುತ್ತದೆ. ಅಕ್ಷರ ಕಾಣುವಷ್ಟಿದ್ದರೆ ಸಾಕು.

ಬೇಸಿಗೆ ಹತ್ತಿರ ಬಂದಂತೆ ಹವೆ ಒಣಗಿ ಪಾಲಿಯೆಸ್ಟರ್ ಬಟ್ಟೆ ಮುಟ್ಟಿದರೆ ಚುರುಕ್ ಅನ್ನೋ ಅನುಭವ ಎಲ್ಲರಿಗೂ ಇದೆ. ಅದೇ ಸ್ಥಿರ ವಿದ್ಯುತ್. ನಮಗೆ ಚುರುಕ್ ಅಷ್ಟೇ, ಚಿಪ್‌ಗೆ ಅದು ಸಾವು. ರೋಲ್ ಹಾಕುವ ಮುಂಚೆ ಅರ್ಥಿಂಗ್ ಇರುವ ಲೋಹವನ್ನು ಒಮ್ಮೆ ಮುಟ್ಟುವುದು ಒಳ್ಳೆಯದು. ರೋಲ್‌ಗಳನ್ನು ಬಂದ ಕವರ್‌ನಲ್ಲೇ, ಬಿಸಿಲು ತಾಗದ ಕಡೆ ಇಡಬೇಕು. ಮೇಲೆ ಭಾರ ಹೇರಿದರೆ ಚಿಪ್ ಬಿರುಕು ಬಿಡಬಹುದು.

ಕೊಳ್ಳುವವರಿಗೆ ಎರಡು ಮಾತು

ಪ್ರಿಂಟರ್ ಕೊಳ್ಳುವ ಮುಂಚೆ ಖರೀದಿದಾರ ಬ್ರಾಂಡ್ ಯಾವ ಇನ್‌ಲೇ ಒಪ್ಪುತ್ತದೆ ಅಂತ ಬರಹದಲ್ಲಿ ಕೇಳಿಕೊಳ್ಳಿ. ಆ ಇನ್‌ಲೇ ಇರುವ ರೋಲನ್ನೇ ಡೆಮೊದಲ್ಲಿ ಹಾಕಿಸಿ, ನೂರು ಲೇಬಲ್ ಹೊಡೆಸಿ, ನೂರನ್ನೂ ಓದಿಸಿ ನೋಡಿ. ಬಿಲ್ಲಿನಲ್ಲಿ ಹ್ಯಾಂಡ್ ರೀಡರ್ ಸೇರಿಲ್ಲದಿದ್ದರೆ ಸೇರಿಸಿಕೊಳ್ಳಿ. ಪ್ರಿಂಟರ್ ಇದ್ದು ರೀಡರ್ ಇಲ್ಲದ ಘಟಕಕ್ಕೆ ತನ್ನ ತಪ್ಪು ಗೊತ್ತಾಗೋದು ಖರೀದಿದಾರರ ಗೋದಾಮಿನಿಂದ ಇಮೇಲ್ ಬಂದಾಗಲೇ. ಹಾಗೆಯೇ ಒಬ್ಬರಿಗೆ ಮಾತ್ರ ಕಲಿಸಬೇಡಿ, ಪ್ರತಿ ಶಿಫ್ಟ್‌ನಲ್ಲಿ ಇಬ್ಬರಿಗಾದರೂ ಎರಡೂ ಕ್ಯಾಲಿಬ್ರೇಶನ್ ಬರಬೇಕು. ಪ್ರಿಂಟರ್ ಪಕ್ಕ ಒಂದು ಪುಸ್ತಕ ಕಟ್ಟಿಡಿ. ಯಾವ ರೋಲು, ಯಾವ ಇನ್‌ಲೇ, ಎಷ್ಟು ಪವರ್, ಎಷ್ಟು ವಾಯ್ಡ್, ಕೊನೆಯ ನಂಬರ್ ಯಾವುದು ಅಂತ ಶಿಫ್ಟ್ ಮುಗಿಯುವಾಗ ಬರೆದಿಟ್ಟರೆ ಮಾರನೆಯ ದಿನ ಬರುವವರು ಊಹೆ ಮಾಡಬೇಕಿಲ್ಲ.