ಮನೆ ಬಾಡಿಗೆಗೂ ಶಾಲೆಯ ದಾಖಲಾತಿಗೂ ಏನು ನಂಟು?

ಬಳ್ಳಾರಿ: ಸರ್ಕಾರಿ ಶಾಲೆಗಳಲ್ಲಿ ದಾಖಲಾತಿ ಕುಸಿಯುತ್ತಿರುವುದಕ್ಕೆ ಇಂಗ್ಲಿಷ್ ಮಾಧ್ಯಮದ ವ್ಯಾಮೋಹ, ಶಿಕ್ಷಕರ ಕೊರತೆ, ಜನನ ಪ್ರಮಾಣದ ಇಳಿಕೆ ಮೊದಲಾದ ಕಾರಣಗಳನ್ನು ಮುಂದಿಡುವುದು ವಾಡಿಕೆ. ಈ ಪಟ್ಟಿಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ಇನ್ನೊಂದು ಕಾರಣವಿದೆ. ಅದು ಮನೆ. ಬಡ ಕುಟುಂಬವೊಂದು ಎಲ್ಲಿ ಬಾಡಿಗೆ ತೆರಲು ಶಕ್ತವೋ ಅಲ್ಲಿಯೇ ಅದರ ಮಕ್ಕಳ ಶಾಲೆಯೂ ನಿರ್ಧಾರವಾಗುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಈ ನಂಟಿನ ಮೂರು ಮುಖಗಳನ್ನು ತೋರಿಸುತ್ತವೆ.

ನಗರ ಹಿಗ್ಗಿತು, ಶಾಲೆ ಅಲ್ಲೇ ಉಳಿಯಿತು

2001ರ ಜನಗಣತಿಯಲ್ಲಿ ಸುಮಾರು 3.17 ಲಕ್ಷವಿದ್ದ ಬಳ್ಳಾರಿ ನಗರದ ಜನಸಂಖ್ಯೆ 2011ರ ವೇಳೆಗೆ ಸುಮಾರು 4.1 ಲಕ್ಷಕ್ಕೆ ಏರಿತು. ಇದೇ ದಶಕದಲ್ಲಿ ಕಬ್ಬಿಣದ ಅದಿರಿಗೆ ಚೀನಾದಿಂದ ಬಂದ ಬೇಡಿಕೆಯಿಂದಾಗಿ ಜಿಲ್ಲೆಯಲ್ಲಿ ಹಣ ಹರಿದಾಡಿ, ನಿವೇಶನಗಳ ಬೆಲೆ ಗಗನಕ್ಕೇರಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳು ನಿಂತವು. ಆದರೆ ಅಷ್ಟರೊಳಗೆ ನಗರದ ಸುತ್ತಲಿನ ಹೊಲಗಳು ಬಡಾವಣೆಗಳಾಗಿದ್ದವು.

ಹಳೆಯ ಪೇಟೆಯಲ್ಲಿ ಮನೆಗಳು ಅಂಗಡಿ, ಗೋದಾಮುಗಳಾಗಿ ಮಾರ್ಪಟ್ಟಂತೆ ಬಾಡಿಗೆದಾರರು ಹೊರವಲಯಕ್ಕೆ ಸರಿಯುತ್ತಾರೆ. ಜೀನ್ಸ್ ಹೊಲಿಗೆಯನ್ನೇ ನಂಬಿದ ಕುಟುಂಬಗಳಿಗೆ ಬಾಡಿಗೆ ಮತ್ತು ಮುಂಗಡದ ಮೊತ್ತವೇ ದೊಡ್ಡ ಹೊರೆ. ಪೇಟೆಯ ನಡುವಿನ ಸರ್ಕಾರಿ ಶಾಲೆಗೆ ಕಟ್ಟಡವಿದೆ, ಶಿಕ್ಷಕರಿದ್ದಾರೆ. ಕರಗುವುದು ಮಕ್ಕಳ ಸಂಖ್ಯೆ. ಮುಂಡರಗಿಯಂಥ ಹೊರವಲಯದಲ್ಲಿ ಬಡವರಿಗೆ ಮನೆಗಳನ್ನು ಕಟ್ಟಿದಾಗ ಅವರ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಮನೆಯ ಜೊತೆಯಲ್ಲಿಯೇ ತರಗತಿ ಕೊಠಡಿಯೂ ಸಿದ್ಧವಾಗದಿದ್ದರೆ ಆ ಮಕ್ಕಳು ಹಳೆಯ ಶಾಲೆಗೂ ದೂರ, ಹೊಸ ಶಾಲೆಗೂ ದೂರ.

ಹಣವಂತರ ಬಡಾವಣೆಗಳ ಕಥೆ ಬೇರೆ. ಅಲ್ಲಿ ನಿವೇಶನ ಕೊಳ್ಳಬಲ್ಲವರು ಖಾಸಗಿ ಶಾಲೆಯ ಶುಲ್ಕವನ್ನೂ ಭರಿಸಬಲ್ಲರು. ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಜಾಗ ಬಿಡುವುದು ಕಡ್ಡಾಯ. ಶಾಲೆಯೂ ಆ ಸೌಲಭ್ಯಗಳಲ್ಲಿ ಒಂದು. ಆದರೆ ಆ ಜಾಗದಲ್ಲಿ ಸರ್ಕಾರಿ ಶಾಲೆಯೇ ಬರಬೇಕೆಂದಿಲ್ಲ. ಖಾಸಗಿ ಸಂಸ್ಥೆಗಳಿಗೂ ಅದು ಗುತ್ತಿಗೆಗೆ ದೊರೆಯುತ್ತದೆ. ಹೀಗಾಗಿ ಊರು ಬೆಳೆದರೂ ಸರ್ಕಾರಿ ಶಾಲೆಯ ದಾಖಲಾತಿ ಬೆಳೆಯುವುದಿಲ್ಲ.

ಸಿರುಗುಪ್ಪ, ಕುರುಗೋಡಿನ ಚಿತ್ರ

ಸಿರುಗುಪ್ಪ ತುಂಗಭದ್ರಾ ಕಾಲುವೆಯ ಭತ್ತಕ್ಕೆ, ಅಕ್ಕಿ ಗಿರಣಿಗಳಿಗೆ ಹೆಸರಾದ ತಾಲ್ಲೂಕು. ಕಾಲುವೆಗೆ ನೀರು ಬಂದರೆ ಕೂಲಿ ಸಿಗುತ್ತದೆ. ನೀರು ಕೈಕೊಟ್ಟರೆ ಕೂಲಿಕಾರರು ಬೆಂಗಳೂರಿನತ್ತ ಗುಳೆ ಹೋಗುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಲ್ಲಿನ ರೈತರಷ್ಟೇ ಕೂಲಿ ಕುಟುಂಬಗಳೂ ಆತಂಕಪಟ್ಟಿದ್ದು ಇದೇ ಕಾರಣಕ್ಕೆ. ಗುಳೆ ಹೋದ ಮಗುವಿನ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ. ಮಗು ಮಾತ್ರ ಬೆಂಗಳೂರಿನ ಯಾವುದೋ ಕಟ್ಟಡ ಕಾಮಗಾರಿಯ ಬದಿಯ ಶೆಡ್ಡಿನಲ್ಲಿರುತ್ತದೆ. ಮಹಾನಗರದ ವಸತಿ ನಿರ್ಮಾಣವೇ ಸಿರುಗುಪ್ಪದ ತರಗತಿಯನ್ನು ಬರಿದು ಮಾಡುವ ಪರಿ ಇದು.

2018ರಲ್ಲಿ ತಾಲ್ಲೂಕು ಕೇಂದ್ರವಾಗಿ ಕಾರ್ಯಾರಂಭ ಮಾಡಿದ ಕುರುಗೋಡಿನದು ಮತ್ತೊಂದು ಬಗೆ. ತಾಲ್ಲೂಕು ಕಚೇರಿ ಬಂದಲ್ಲಿ ರಸ್ತೆ ಬದಿಯ ಕೃಷಿ ಭೂಮಿಗೆ ನಿವೇಶನದ ಬೆಲೆ ಬರುವುದು ಸಹಜ. ಮೆಣಸಿನಕಾಯಿ, ಹತ್ತಿ ಬೆಳೆಯುವ ಹೊಲ ಬಡಾವಣೆಯಾದರೆ ಮಾಲೀಕನಿಗೆ ಲಾಭ. ಅದೇ ಹೊಲದಲ್ಲಿ ಬೆಳೆ ಬಿಡಿಸುತ್ತಿದ್ದ ಕೂಲಿಯವರಿಗೆ ಕೆಲಸವೂ ಇಲ್ಲ, ಅಲ್ಲಿ ಮನೆ ಮಾಡುವ ಶಕ್ತಿಯೂ ಇಲ್ಲ. ಬಳ್ಳಾರಿ ಹತ್ತಿರವಿರುವುದರಿಂದ ಅನುಕೂಲಸ್ಥರ ಮಕ್ಕಳು ನಗರದ ಶಾಲಾ ವಾಹನ ಹತ್ತುತ್ತಾರೆ. ಎರಡೂ ಕಡೆಯಿಂದ ನಷ್ಟ ಊರಿನ ಶಾಲೆಗೇ.

ಆರು ಮಕ್ಕಳು, ಒಂದು ಹುದ್ದೆ

ಅಮೆರಿಕದಲ್ಲಿ ಶಾಲೆಗಳ ವೆಚ್ಚದ ಗಣನೀಯ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗಳ ಬೆಲೆ ಹೆಚ್ಚಿದಲ್ಲಿ ಶಾಲೆಗೂ ಹಣ ಹೆಚ್ಚು. ನಮ್ಮಲ್ಲಿ ಶಿಕ್ಷಕರ ವೇತನ ರಾಜ್ಯದ ಬೊಕ್ಕಸದಿಂದ ಬರುವುದರಿಂದ ಆ ಸಮಸ್ಯೆ ಇಲ್ಲವೆಂದು ತೋರಬಹುದು. ಆದರೆ ಇಲ್ಲಿ ಹೊಡೆತ ಬೀಳುವುದು ತಲೆ ಎಣಿಕೆಯ ಮೂಲಕ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರಿರಬೇಕು. 64 ಮಕ್ಕಳಿರುವ ಶಾಲೆಯೊಂದರಿಂದ ಆರು ಮಕ್ಕಳು ಹೊರಟುಹೋದರೆ ಸಂಖ್ಯೆ 58ಕ್ಕೆ ಇಳಿದು, ಮೂರನೆಯ ಶಿಕ್ಷಕರು ‘ಹೆಚ್ಚುವರಿ’ ಆಗುತ್ತಾರೆ. ಅವರು ವರ್ಗವಾದ ಮೇಲೆ ಐದು ತರಗತಿಗಳಿಗೆ ಇಬ್ಬರೇ. ಅದನ್ನು ಕಂಡ ಉಳಿದ ಪಾಲಕರೂ ಬೇರೆ ಶಾಲೆ ಹುಡುಕುತ್ತಾರೆ. ಬಾಡಿಗೆ ಏರಿಕೆಯಿಂದ ಆರಂಭವಾದದ್ದು ಶಾಲೆ ಮುಚ್ಚುವ ಮಾತಿನವರೆಗೆ ಬಂದು ನಿಲ್ಲುತ್ತದೆ.

ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ 25ರಷ್ಟು ಸೀಟು ಮೀಸಲಿಡುವ ಅವಕಾಶವೂ ವಿಳಾಸವನ್ನೇ ಅವಲಂಬಿಸಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲವೆಂದು 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಆದ್ದರಿಂದ ಬಡ ಕುಟುಂಬಕ್ಕೆ ಸಮೀಪದ ಸರ್ಕಾರಿ ಶಾಲೆ ಗಟ್ಟಿಯಾಗಿ ಉಳಿಯುವುದು ಹಿಂದಿಗಿಂತ ಹೆಚ್ಚು ಮುಖ್ಯ.

ಪಾಲಕರು ತಿಳಿದಿರಬೇಕಾದದ್ದು

ಮನೆ ಬದಲಿಸಿದ ಕಾರಣಕ್ಕೆ ಮಗುವಿನ ಓದು ನಿಲ್ಲಬೇಕಿಲ್ಲ. ವರ್ಗಾವಣೆ ಪ್ರಮಾಣಪತ್ರ ಬರುವುದು ತಡವಾಯಿತೆಂಬ ನೆಪದಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ, ಶೈಕ್ಷಣಿಕ ವರ್ಷ ಆರಂಭವಾಗಿದೆ ಎಂದೂ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ರಾಜ್ಯದ ನಿಯಮದಂತೆ 1ರಿಂದ 5ನೇ ತರಗತಿಯ ಶಾಲೆ ಒಂದು ಕಿ.ಮೀ., 6ರಿಂದ 8ನೇ ತರಗತಿಯದು ಮೂರು ಕಿ.ಮೀ. ಒಳಗಿರಬೇಕು. ಇಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕೇಳುವ ಹಕ್ಕು ಪಾಲಕರಿಗಿದೆ.

ಬಡಾವಣೆಗೆ ಅನುಮೋದನೆ ನೀಡುವವರು ಒಂದು ಇಲಾಖೆ, ಮನೆ ಕಟ್ಟಿಸುವವರು ಇನ್ನೊಂದು, ಶಾಲೆ ನಡೆಸುವವರು ಮತ್ತೊಂದು. ಎಷ್ಟು ಮನೆಗಳು ಏಳಲಿವೆ ಎಂಬ ಲೆಕ್ಕ ಶಿಕ್ಷಣ ಇಲಾಖೆಯ ಮೇಜಿಗೆ ಮೊದಲೇ ತಲುಪಿದರೆ ಕೊಠಡಿ, ಹುದ್ದೆಗಳನ್ನು ಸಕಾಲದಲ್ಲಿ ಯೋಜಿಸಬಹುದು. ಮನೆಯ ಬೀಗದ ಕೈ ಹಸ್ತಾಂತರವಾಗುವ ದಿನವೇ ಶಾಲೆಯ ಬಾಗಿಲೂ ತೆರೆದಿರಬೇಕು ಎಂಬುದು ದುಬಾರಿ ಬೇಡಿಕೆಯೇನೂ ಅಲ್ಲ.