ಏಳು ಡಾಲರಿನ ಕೋಟು

1993ರ ನವೆಂಬರ್. ಮದುವೆಯಾಗಿ ಹಾಸನದಿಂದ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ಗೆ ಬಂದು ಮೂರು ತಿಂಗಳಾಗಿತ್ತು. ಗಂಡ ಪಿಎಚ್.ಡಿ. ವಿದ್ಯಾರ್ಥಿ. ಅವರ ಸ್ಟೈಪೆಂಡು ಬಾಡಿಗೆಗೂ ಅಕ್ಕಿಬೇಳೆಗೂ ಸರಿಹೋಗುತ್ತಿತ್ತು. ಊರಿನಿಂದ ತಂದ ಸ್ವೆಟರು ಅಲ್ಲಿನ ಚಳಿಗೆ ಯಾವ ಮೂಲೆಗೂ ಸಾಲಲಿಲ್ಲ. ಪಕ್ಕದ ಮನೆಯ ತಮಿಳು ಹುಡುಗಿ ನನ್ನನ್ನು ಹಳೆ ಬಟ್ಟೆ ಮಾರುವ ಗುಡ್‌ವಿಲ್ ಅಂಗಡಿಗೆ ಕರೆದುಕೊಂಡು ಹೋದಳು. ಕಡುನೀಲಿ ಉಣ್ಣೆಯ ಕೋಟು ಸಿಕ್ಕಿತು, ಏಳು ಡಾಲರು.

ಮನೆಗೆ ಬಂದವಳೇ ಕತ್ತರಿ ಹುಡುಕಿದೆ. ಕೋಟಿನ ಒಳಗೆ ಕೆಂಪು, ಬಿಳಿ, ನೀಲಿ ಬಣ್ಣದ ಪುಟ್ಟ ಪಟ್ಟಿಯೊಂದಿತ್ತು. ಅದರ ಅಂಚಿನಲ್ಲಿ ಯಾರೋ ತಮ್ಮ ಹೆಸರಿನ ಎರಡಕ್ಷರವನ್ನು ಮಸಿಯಲ್ಲಿ ಬರೆದುಕೊಂಡಿದ್ದರು. ಇನ್ನೊಬ್ಬರ ಹೆಸರು ನನ್ನ ಮೈಮೇಲೆ ಯಾಕೆ ಅಂತ ಪಟ್ಟಿ ಕಿತ್ತು ಬಿಸಾಡಿದೆ. ಅಮ್ಮನಿಗೆ ಕಳಿಸಿದ ಫೋಟೊದ ಹಿಂದೆ ‘ಹೊಸ ಕೋಟು’ ಅಂತ ಬರೆದೆ.

ಯಾಕೆಂದರೆ ಹಾಸನದ ನಮ್ಮ ಬೀದಿಯಲ್ಲಿ ಹಳೆ ಬಟ್ಟೆ ಮನೆಯಿಂದ ಹೊರಗೆ ಹೋಗುತ್ತಿತ್ತೇ ಹೊರತು ಒಳಗೆ ಬರುತ್ತಿರಲಿಲ್ಲ. ಪಾತ್ರೆಯವಳು ಬುಟ್ಟಿ ಹೊತ್ತು ಬಂದರೆ ಅಮ್ಮ ಅಪ್ಪನ ಪ್ಯಾಂಟು, ತನ್ನ ಸೀರೆ ತಂದು ಜಗಲಿಯ ಮೇಲೆ ಹಾಕುತ್ತಿದ್ದಳು. ಒಂದು ಗಂಟೆ ಚೌಕಾಸಿ ನಡೆದು ಕೊನೆಗೊಂದು ಸ್ಟೀಲ್ ಡಬ್ಬಿ ಗಿಟ್ಟುತ್ತಿತ್ತು. ಆ ಬಟ್ಟೆ ಮುಂದೆ ಯಾರ ಮೈಗೆ ಹೋಗುತ್ತದೆಂದು ನಾವು ಕೇಳಿದವರಲ್ಲ.

ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಹೊತ್ತು ಹೋಗದೆ ಚರ್ಚಿನವರ ಒಂದು ಥ್ರಿಫ್ಟ್ ಅಂಗಡಿಗೆ ವಾರಕ್ಕೆರಡು ದಿನ ಸ್ವಯಂಸೇವಕಿಯಾಗಿ ಹೋಗತೊಡಗಿದೆ. ಜನ ದಾನ ಕೊಟ್ಟ ಚೀಲಗಳು ಹಿಂಬಾಗಿಲಿನಿಂದ ಬರುತ್ತಿದ್ದವು. ದೊಡ್ಡ ಮೇಜಿನ ಮೇಲೆ ಸುರಿದು ಕಲೆ, ಜಿಪ್ಪು, ಕಂಕುಳು ನೋಡಿ ಆರಿಸುವುದು ನನ್ನ ಕೆಲಸ. ಆರಿಸಿದ್ದಕ್ಕೆ ಆ ವಾರದ ಬಣ್ಣದ ಚೀಟಿ. ವಾರ ಕಳೆದಂತೆ ಹಳೆಯ ಬಣ್ಣದ್ದಕ್ಕೆ ಅರ್ಧ ಬೆಲೆ. ಆಗಲೂ ಹೋಗದಿದ್ದರೆ ಕಂಬಿಯಿಂದ ಇಳಿಸಿ ಬೇಲ್ ಕಟ್ಟಿ ತೂಕಕ್ಕೆ ಮಾರಾಟ.

ಜತೆಗಿದ್ದ ಹಿರಿಯ ಹೆಂಗಸೊಬ್ಬರು ಗುಡ್‌ವಿಲ್ ಹುಟ್ಟಿದ ಕತೆ ಹೇಳಿದ್ದರು. 1902ರಲ್ಲಿ ಬಾಸ್ಟನ್ನಿನ ಮೆಥಡಿಸ್ಟ್ ಪಾದ್ರಿ ಎಡ್ಗರ್ ಹೆಲ್ಮ್ಸ್ ಗೋಣಿಚೀಲ ಹಿಡಿದು ಸಿರಿವಂತರ ಮನೆಮನೆಗೆ ಹೋಗಿ ಹಳೆ ಸಾಮಾನು ಎತ್ತಿಕೊಂಡು ಬಂದರು. ಬಂದದ್ದನ್ನು ಹಂಚಿ ಕೈತೊಳೆದುಕೊಳ್ಳಲಿಲ್ಲ. ಕೆಲಸವಿಲ್ಲದ ಬಡವರನ್ನು ಕೂರಿಸಿ ಅದನ್ನು ರಿಪೇರಿ ಮಾಡಿಸಿ, ಮಾರಿ, ಆ ಹಣದಲ್ಲೇ ಅವರಿಗೆ ಕೂಲಿ ಕೊಟ್ಟರು. ಹರಿದದ್ದೇ ಅಲ್ಲಿ ಕಚ್ಚಾವಸ್ತು, ಸೂಜಿದಾರವೇ ಬಂಡವಾಳ.

ನಾನು ಮೇಜಿನ ಮುಂದೆ ನಿಲ್ಲುವ ಹೊತ್ತಿಗೆ ಆ ಸೂಜಿದಾರ ಹೋಗಿತ್ತು. ಒಂದು ಗುಂಡಿ ಬಿದ್ದ ಅಂಗಿಯನ್ನೂ ಬೇಲ್‌ಗೆ ಎಸೆಯುತ್ತಿದ್ದೆವು. ಗುಂಡಿ ಹಾಕುವ ಹೊತ್ತಿನಲ್ಲಿ ಇನ್ನೂ ಹತ್ತು ಅಂಗಿ ಆರಿಸಬಹುದಿತ್ತು. ಅಷ್ಟು ಬರುತ್ತಿತ್ತು ಮಾಲು!

ಬೇಲ್ ಎಲ್ಲಿಗೆ ಹೋಗುತ್ತದೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಮೆರಿಕದ ಹಳೆ ಬಟ್ಟೆ ಘಾನಾ, ಕೀನ್ಯಾದ ಸಂತೆಗಳಿಗೆ ಹೋಗುತ್ತದೆ, ನಮ್ಮ ದೇಶಕ್ಕೂ ಬರುತ್ತದೆ. ಗುಜರಾತಿನ ಕಾಂಡ್ಲಾದಲ್ಲಿ ಅದನ್ನು ವಿಂಗಡಿಸಿ ಮತ್ತೆ ಹೊರದೇಶಕ್ಕೆ ಕಳಿಸುವ ಘಟಕಗಳಿವೆ. ಹರಿಯಾಣದ ಪಾಣಿಪತ್ತಿಗೆ ಬರುವ ಉಣ್ಣೆಬಟ್ಟೆಯನ್ನು ಯಾರೂ ಮತ್ತೆ ತೊಡಬಾರದೆಂದು ಮೊದಲೇ ಸೀಳಿರುತ್ತಾರೆ. ಅಲ್ಲಿನ ಹೆಂಗಸರು ಗುಂಡಿ, ಜಿಪ್ಪು ಕಿತ್ತು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಾರೆ. ಯಂತ್ರ ಅದನ್ನು ನಾರು ಮಾಡಿ ನೂಲುತ್ತದೆ. ಭೂಕಂಪ, ನೆರೆ ಬಂದ ಕಡೆ ಹಂಚುವ ಅಗ್ಗದ ಕಂಬಳಿಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು.

ಅಂಗಡಿಗೆ ಬರುವವರೂ ಬದಲಾದರು. ಮೊದಮೊದಲು ಬರುತ್ತಿದ್ದವರು ನಮ್ಮಂಥ ವಿದ್ಯಾರ್ಥಿ ಸಂಸಾರದವರು, ಮಕ್ಕಳೊಂದಿಗರು, ಗ್ರಂಜ್ ಸಂಗೀತದ ಗೀಳಿಗೆ ಮಾಸಿದ ಚೌಕಳಿ ಅಂಗಿ ಹುಡುಕುವ ಹುಡುಗರು. 1995ರಲ್ಲಿ ಹರಾಜಿನ ಜಾಲತಾಣ ಇಬೇ ಶುರುವಾಯಿತು. ನಮ್ಮಲ್ಲಿ ಐದು ಡಾಲರಿಗೆ ಕೊಂಡದ್ದನ್ನು ದೂರದ ಊರಿನವರಿಗೆ ಐವತ್ತಕ್ಕೆ ಮಾರುವ ದಾರಿ ತೆರೆಯಿತು. 2013ರಲ್ಲಂತೂ ಮ್ಯಾಕಲ್‌ಮೋರ್‌ನ ‘ಥ್ರಿಫ್ಟ್ ಶಾಪ್’ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಆಮೇಲೆ ಬಾಗಿಲು ತೆಗೆಯುವ ಮುಂಚೆಯೇ ಸಾಲು. ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಫೋನು. ಆನ್‌ಲೈನ್ ದರ ನೋಡಿದ ಮೇಲೇ ಅಂಗಿ ಬುಟ್ಟಿಗೆ ಬೀಳುವುದು. ಅಂಗಡಿಯವರೇನು ಕಣ್ಣುಮುಚ್ಚಿ ಕೂರುತ್ತಾರೆಯೇ? ಒಳ್ಳೆಯದನ್ನು ಮೊದಲೇ ತೆಗೆದಿಟ್ಟು ತಾವೇ ಹರಾಜಿಗೆ ಹಾಕತೊಡಗಿದರು. ಗುಡ್‌ವಿಲ್‌ನವರ ಹರಾಜಿನ ಜಾಲತಾಣ ಶುರುವಾದದ್ದು 1999ರಲ್ಲೇ.

ಕಂಬಿಯಲ್ಲಿ ಉಳಿದದ್ದರ ಗತಿಯೂ ಬೇರೆಯಾಯಿತು. ಎರಡು ಸಲ ಒಗೆದರೆ ಗಂಟುಗಂಟಾಗುವ, ಹೊಸದಿದ್ದಾಗಲೇ ಎಂಟು ಡಾಲರಿನ ಪಾಲಿಯೆಸ್ಟರು ರಾಶಿರಾಶಿ ಬರತೊಡಗಿತು. ಅದಕ್ಕೆ ನಾವು ಹಾಕಿದ ಬೆಲೆ ಆರು ಡಾಲರು. ಥ್ರಿಫ್ಟ್ ಎಂದರೆ ಮಿತವ್ಯಯ. ಬೋರ್ಡಿನ ಮೇಲೆ ಆ ಹೆಸರು ಹಾಗೇ ಇತ್ತು. ಜನ ಮಾತ್ರ ಅಗ್ಗವೆಂದು ಎರಡೆರಡು ಚೀಲ ತುಂಬಿಕೊಂಡು ಹೋಗಿ, ಆರು ತಿಂಗಳಿಗೆ ಅದನ್ನೇ ಹಿಂಬಾಗಿಲಿಗೆ ತಂದು ಹಾಕುತ್ತಿದ್ದರು.

ಅಮ್ಮ ಒಮ್ಮೆ, 2001ರಲ್ಲಿ, ನಮ್ಮಲ್ಲಿಗೆ ಬಂದಿದ್ದಳು. ಅಂಗಡಿಯ ಬಾಗಿಲಲ್ಲೇ ನಿಂತು, “ಯಾರು ಉಟ್ಟು ಬಿಟ್ಟಿದ್ದೋ ಏನೋ, ನಾನು ಮುಟ್ಟಲ್ಲಮ್ಮ” ಅಂದಳು. ಹತ್ತು ನಿಮಿಷ ಕಳೆದು ನೋಡಿದರೆ, ಪಾತ್ರೆಯವಳು ಅಮ್ಮನ ಸೀರೆ ನೋಡುತ್ತಿದ್ದ ಹಾಗೆಯೇ ಇವಳು ಒಂದು ಲಂಗ ಹಿಡಿದು, ಒಳಮೈ ತಿರುವಿ, ಹೊಲಿಗೆ ಜಗ್ಗಿ, ಬೆಳಕಿಗೆ ಹಿಡಿದು ನೋಡುತ್ತಿದ್ದಾಳೆ! “ಹೊಲಿಗೆ ಗಟ್ಟಿಯಿದೆ ಕಣೇ, ಕಡಿಮೆ ಮಾಡ್ತಾರಾ ಕೇಳು.” ಅವತ್ತೇ ನನ್ನ ಕೋಟನ್ನೂ ತಿರುವಿ ನೋಡಿದಳು. ಪಟ್ಟಿ ಕಿತ್ತ ಜಾಗಕ್ಕೆ ಬೆರಳಿಟ್ಟು ನಕ್ಕಳು, ಏನೂ ಹೇಳಲಿಲ್ಲ.

ಈಗ ಆ ಕೋಟು ಮಗಳದ್ದು. ಹೋದ ಚಳಿಗಾಲದಲ್ಲಿ ಅವಳೂ ಹಾಗೇ ಒಳಮೈ ತಿರುವಿದಳು. “ಅಮ್ಮ, ಯೂನಿಯನ್ ಲೇಬಲ್ ಎಲ್ಲಿ?” ನಾನು ಕಿತ್ತೆಸೆದದ್ದು ಅಮೆರಿಕದ ಹೆಂಗಸರ ಉಡುಪು ತಯಾರಿಸುವ ಕಾರ್ಮಿಕರ ಸಂಘದ ಗುರುತಂತೆ. ಆ ಸಂಘ 1995ರಲ್ಲಿ ಇನ್ನೊಂದರ ಜತೆ ವಿಲೀನವಾಯಿತು. ಹಾಗಾಗಿ ಬಟ್ಟೆಯ ವಯಸ್ಸು ಹೇಳಲು ಆ ಪಟ್ಟಿಯೇ ಸಾಕ್ಷಿ. ಹಳತನ್ನು ಹುಡುಕುವವರು ಮೊದಲು ನೋಡುವುದೇ ಅದನ್ನು.

ಕೋಟು ಹಳತೆಂದು ಯಾರಿಗೂ ಗೊತ್ತಾಗದಿರಲಿ ಅಂತ ನಾನು ಕಿತ್ತೆ. ಹಳತೆಂದು ಎಲ್ಲರಿಗೂ ಗೊತ್ತಾಗಲಿ ಅಂತ ಇವಳು ಹುಡುಕುತ್ತಿದ್ದಾಳೆ. ಅಲ್ಲಿ ಈಗಿರುವುದು ನಾಲ್ಕು ಸೂಜಿತೂತು, ಒಂದು ತುಂಡು ದಾರ. ಪಕ್ಕದಲ್ಲಿ ಅಸ್ತರಿ ಬಿಟ್ಟುಕೊಂಡಿತ್ತು. ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟೆ.